ಮುಂದೆ ಓದುವ ಹುಡುಗಿ

ಚಾಮರಾಜಪೇಟೆಯ ಆ ಅನುದಾನಿತ ಶಾಲೆಯಲ್ಲಿ ಇಂಗ್ಲಿಷ್ ಪುನರಾವರ್ತನೆ ಅಂದರೆ ಮುಂದೆ ಓದುವುದು. ಕ್ಲಾಸಿನಲ್ಲಿ ದನಿ ಗಟ್ಟಿಯಿರುವ ಒಂದು ಮಗು ಪುಸ್ತಕ ಹಿಡಿದು ಎದ್ದು ನಿಲ್ಲುತ್ತದೆ, ಪಾಠದ ಒಂದೊಂದೇ ಸಾಲು ಓದುತ್ತದೆ, ಉಳಿದವರು ಕೂತಲ್ಲಿಂದಲೇ ಅದನ್ನು ಹಿಂದಿನಿಂದ ಹೇಳುತ್ತಾರೆ. ಯಾರು ಶುರು ಮಾಡಿದ ಪದ್ಧತಿಯೋ ಗೊತ್ತಿಲ್ಲ. ಮಹಾನಂದ ಟೀಚರು ಇಪ್ಪತ್ತೇಳು ವರ್ಷದ ಹಿಂದೆ ಕೆಲಸಕ್ಕೆ ಸೇರಿದಾಗಲೇ ಇತ್ತು. ಅವರೂ ಅದನ್ನು ಬಿಡಲಿಲ್ಲ. ಗುಬ್ಬಿ ಕಡೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದವರು, ಕಣದಲ್ಲಿ ಒಕ್ಕಣೆ ನೋಡಿದವರು. ಕಣದ ನಡುಗಂಬ ಮೇಟಿಯ ಪಕ್ಕದ ಎತ್ತು ನೆಟ್ಟಗೆ ತಿರುಗಿದರೆ ಉಳಿದ ದನಗಳು ತಾವಾಗಿಯೇ ತಿರುಗುತ್ತವೆ ಎಂಬುದು ಅವರಿಗೆ ಹೊಸದಾಗಿ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆ ವರ್ಷ ಆ ಪದ್ಧತಿ ಅವರಿಗೆ ಇನ್ನಷ್ಟು ಬೇಕಾಗಿತ್ತು. ಸಮೀಕ್ಷೆ ಅಂತ ಒಂದು ತಿಂಗಳು ಮನೆಮನೆ ಮೆಟ್ಟಿಲು ಹತ್ತಿ ಇಳಿದಿದ್ದರು. ಅದು ಮುಗಿಯಿತು ಎನ್ನುವಷ್ಟರಲ್ಲಿ ಮತದಾರರ ಪಟ್ಟಿ ಕೈಗೆ ಬಂದಿತ್ತು. ಐವತ್ತೆಂಟರ ಮಂಡಿ, ಅದರ ಮೇಲೆ ಉಬ್ಬಸ. ಮತ್ತೆ ಶಾಲೆಗೆ ಬಂದು ನೋಡಿದರೆ ಏಳನೇ ಕ್ಲಾಸಿನಲ್ಲಿ ಮೂರು ಪಾಠ ಬಾಕಿ. ಪಕ್ಕದ ಓಣಿಯ ಊದುಬತ್ತಿ ಕಾರ್ಖಾನೆಯ ಪುಡಿ ಕಿಟಕಿಯಿಂದ ಒಳಗೆ ಬಂದು ಎದೆಯಲ್ಲಿ ಕೂರುತ್ತಿತ್ತು. ಓಡುತ್ತ ಪಾಠ ಮುಗಿಸಿ, ಫೆಬ್ರವರಿಯ ಕೊನೆಯ ವಾರಕ್ಕೆ ಮೇಜಿನ ಹಿಂದಿನ ಕುರ್ಚಿಯಲ್ಲಿ ಕೂತು, "ಯಶಶ್ರೀ, ಏಳಮ್ಮ" ಎಂದರು. ಅಲ್ಲಿಂದಾಚೆಗೆ ಪುನರಾವರ್ತನೆ ಯಶಶ್ರೀಯ ಪಾಲಿಗೆ.

ಯಶಶ್ರೀ ಐದನೇ ಕ್ಲಾಸಿನಿಂದಲೂ ಮುಂದೆ ಓದುವವಳು. ಅವಳಪ್ಪ ಮಾಯಣ್ಣ ಮಾಮೂಲ್‌ಪೇಟೆಯ ಒಂದು ಅಂಗಡಿಯಲ್ಲಿ ಸಾಮಾನು ಎತ್ತಿಕೊಡುವವನು. ಕುಣಿಗಲ್ ಹತ್ತಿರದ ಹಳ್ಳಿಯಿಂದ ಬಂದು ಹದಿನೆಂಟು ವರ್ಷವಾಗಿತ್ತು. ತಾಯಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿ ದೀಪ ಹಚ್ಚುವ ಹೊತ್ತು ಮೀರಿ ಬರುವವಳು. ಹುಡುಗಿ ತೆಳ್ಳಗೆ, ಆದರೆ ದನಿ ಮಾತ್ರ ಹಿತ್ತಾಳೆ ಬಿಂದಿಗೆಯದು. ಒಂದು ಅಕ್ಷರ ತಡವರಿಸದೆ, ಪುಟ ಮುಗಿದಲ್ಲಿ ಪುಟ ತಿರುವಿ, ಅವಳು ಇಂಗ್ಲಿಷ್ ಓದುವುದನ್ನು ಹೊರಗಿನಿಂದ ಬಂದವರು ಯಾರು ಕೇಳಿದರೂ ಇದು ಕನ್ನಡ ಮಾಧ್ಯಮದ ಮಗುವೇ ಎಂದು ಹುಬ್ಬೇರಿಸುತ್ತಿದ್ದರು.

ಆ ಹುಬ್ಬು ನೋಡಿಯೇ ಮಹಾನಂದ ಜನವರಿಯಲ್ಲಿ ಒಂದು ಕಾಗದಕ್ಕೆ ಸಹಿ ಹಾಕಿದ್ದರು. ಬಸವನಗುಡಿಯ ಒಂದು ಟ್ರಸ್ಟಿನ ಹೆಣ್ಣುಮಕ್ಕಳ ಹೈಸ್ಕೂಲು ಪ್ರತಿ ವರ್ಷ ಕನ್ನಡ ಶಾಲೆಗಳ ಹನ್ನೊಂದು ಮಕ್ಕಳನ್ನು ಎಂಟನೇ ಕ್ಲಾಸಿಗೆ ಸೇರಿಸಿಕೊಂಡು ಹತ್ತರವರೆಗೆ ಪುಕ್ಕಟೆ ಓದಿಸುತ್ತಿತ್ತು, ವ್ಯಾನಿನಲ್ಲಿ ಮನೆ ಬಾಗಿಲಿಗೆ ತಂದು ಬಿಡುತ್ತಿತ್ತು. ಮಾಯಣ್ಣನಿಗೆ ಆ ವ್ಯಾನೇ ದೊಡ್ಡದು. ಹತ್ತಿರದ ಹೈಸ್ಕೂಲಿಗೆ ಹೋಗಲು ಮಗಳು ಮೈಸೂರು ರಸ್ತೆ ದಾಟಬೇಕು, ಬಂದಮೇಲೆ ಮನೆಯಲ್ಲಿ ರಾತ್ರಿಯವರೆಗೂ ಒಬ್ಬಳೇ. ಆ ಸೀಟು ಸಿಗದಿದ್ದರೆ ಜೂನಿಗೆ ಅವಳನ್ನು ಊರಿಗೆ ಕಳಿಸಿ ತನ್ನ ತಾಯಿ ಸುಬ್ಬಮ್ಮನ ಹತ್ತಿರ ಬಿಡುವುದಾಗಿ ಅವನು ಆಗಲೇ ತೀರ್ಮಾನಿಸಿದ್ದ. ಇಂಗ್ಲಿಷನ್ನು ಸರಾಗವಾಗಿ ಓದುತ್ತಾಳೆ ಎಂದು ಮಹಾನಂದ ಆ ಕಾಗದದಲ್ಲಿ ತಮ್ಮ ಕೈಯಾರೆ ಬರೆದಿದ್ದರು.

ಫೆಬ್ರವರಿಯ ಕೊನೆಯ ಗುರುವಾರ ಮೇಜಿನ ಮೇಲಿನ ಫ್ಯಾನು ನಿಂತುಹೋಯಿತು. ಸೆಕೆ ತಡೆಯಲಾರದೆ ಟೀಚರು ಎದ್ದು, ಇನ್ನೊಂದು ಫ್ಯಾನಿದ್ದ ಹಿಂಬದಿಗೆ ನಡೆದರು. ಯಶಶ್ರೀ ನಾಲ್ಕನೇ ಪಾಠ ಓದುತ್ತಿದ್ದಳು. ಹೊಳೆದಂಡೆಯ ಮುದಿ ಅಂಬಿಗನ ಕತೆ. "ದಿ ಓಲ್ಡ್ ಬೋಟ್‌ಮನ್ ಲಿವ್ಡ್" ಎಂದು ನಿಲ್ಲಿಸಿ, ಒಂದು ಉಸಿರು ಎಳೆದುಕೊಂಡು, "ಬೈ ದಿ ರಿವರ್" ಎಂದಳು. ಇಪ್ಪತ್ತೈದು ಬಾಯಿಗಳೂ ಅಲ್ಲೇ ನಿಲ್ಲಿಸಿ, ಅಲ್ಲೇ ಉಸಿರು ಎಳೆದವು.

ಯಾಕೆ ಅಲ್ಲಿ ನಿಲ್ಲಿಸುತ್ತಾಳೆ ಎಂದು ಮಹಾನಂದರಿಗೆ ಅನ್ನಿಸಿದ್ದು ಅಂದೇ ಮೊದಲು. ಅಲ್ಲಿ ನಿಲ್ಲಿಸುವಂಥದ್ದೇನೂ ಇರಲಿಲ್ಲ. ಆಮೇಲೆ ಹೊಳೆಯಿತು. ಅಲ್ಲಿ ನಿಲ್ಲಿಸುವುದು ತಾವು. ಡಿಸೆಂಬರಿನ ಚಳಿಯಲ್ಲಿ ಆ ಪಾಠ ಮಾಡುವಾಗ ಉಬ್ಬಸ ಹೆಚ್ಚಿತ್ತು. ಮೂರು ನಾಲ್ಕು ಪದಕ್ಕೊಮ್ಮೆ ಎದೆ ಕಟ್ಟುತ್ತಿತ್ತು. ಹುಡುಗಿ ಪಾಠದ ಜೊತೆಗೆ ಅವರ ಉಸಿರನ್ನೂ ಎತ್ತಿಟ್ಟುಕೊಂಡಿದ್ದಳು.

ಮಹಾನಂದ ಅವಳ ಬೆನ್ನ ಹಿಂದೆ ಹೋಗಿ ನಿಂತರು. ಅವಳ ಕೈಯಲ್ಲಿದ್ದ ಪುಸ್ತಕ ಆರನೇ ಪಾಠಕ್ಕೆ ತೆರೆದುಕೊಂಡಿತ್ತು. ಅಂಬಿಗ ಹೊಳೆ ದಾಟಿದ, ಅವಳು ಪುಟ ತಿರುವಿದಳು. ಏಳನೇ ಪಾಠ ಬಂತು. ಅಂಬಿಗ ದಡ ಮುಟ್ಟಿದ.

ಟೀಚರು ಗಂಟೆ ಹೊಡೆದಮೇಲೆ ಅವಳೊಬ್ಬಳನ್ನೇ ಉಳಿಸಿಕೊಂಡು, ಎಂಟನೇ ಕ್ಲಾಸಿನ ಪುಸ್ತಕವೊಂದನ್ನು ಕೈಗೆ ಕೊಟ್ಟು ಓದು ಎಂದರು. ಹುಡುಗಿ ಪುಸ್ತಕ ನೋಡಿದಳು, ಆಮೇಲೆ ಟೀಚರ ಬಾಯಿ ನೋಡಿದಳು. ಇನ್ನೂ ಸ್ವಲ್ಪ ಹೊತ್ತು ಬಾಯಿಯನ್ನೇ ನೋಡುತ್ತ ನಿಂತಳು.

"ನೀವು ಒಂದ್ಸಲ ಹೇಳ್ಬೇಕು ಮಿಸ್" ಎಂದಳು.

"ನಾನು ಹೇಳಿದ್ರೆ ನೀನು ಓದೋದೇನು ಬಂತೆ?"

"ಓದೋದು ಅಂದ್ರೆ ಅದೇ ಅಲ್ವಾ ಮಿಸ್? ನೀವು ಹೇಳ್ತೀರ, ನಾನು ಹೇಳ್ತೀನಿ, ಅವ್ರೆಲ್ಲ ಹೇಳ್ತಾರೆ."

ಅದರಲ್ಲಿ ಕಳ್ಳತನ ಇರಲಿಲ್ಲ. ಮಹಾನಂದ ಅವಳ ಮುಖದಲ್ಲಿ ಹುಡುಕಿದರು, ಸಿಗಲಿಲ್ಲ. ಕನ್ನಡವನ್ನು ಅವಳು ಸಲೀಸಾಗಿ ಓದುತ್ತಿದ್ದಳು. ಕನ್ನಡ ಓದುವುದು ಬೇರೆ, ಇಂಗ್ಲಿಷ್ ಓದುವುದು ಬೇರೆ ಥರದ ಕೆಲಸ ಎಂದು ತಿಳಿದುಕೊಂಡಿದ್ದಳು ಅಷ್ಟೆ. ಒಂದು ಸಲ ಕಿವಿಗೆ ಬಿದ್ದದ್ದು ಅವಳನ್ನು ಬಿಟ್ಟು ಹೋಗುತ್ತಿರಲಿಲ್ಲ. ಮಹಾನಂದರ ಅಜ್ಜಿಗೂ ಹಾಗೇ ಇತ್ತು. ಅಕ್ಷರ ಕಲಿಯದ ಆ ಮುದುಕಿ ರಾಗಿ ಬೀಸುತ್ತ ಕೂತರೆ ಮೊರದ ರಾಗಿ ಖಾಲಿಯಾಗುವವರೆಗೂ ಹಾಡು ಮುಗಿಯುತ್ತಿರಲಿಲ್ಲ. ಅಜ್ಜಿಯ ಕೈಗೆ ಯಾರೂ ಪುಸ್ತಕ ಕೊಟ್ಟು ಎಂಟನೇ ಕ್ಲಾಸಿಗೆ ಕಳಿಸಲು ಹೊರಟಿರಲಿಲ್ಲ, ಅದೊಂದೇ ವ್ಯತ್ಯಾಸ.

ಅಂದು ಮನೆಗೆ ನಡೆದುಹೋಗುವಾಗ ಟೀಚರು ಎರಡು ಕಡೆ ಕಟ್ಟೆ ಸಿಕ್ಕಿದಲ್ಲಿ ಕೂತರು. ಮೂರು ವರ್ಷದಿಂದ ಆ ಹುಡುಗಿಗೆ ತೊಂಬತ್ತರ ಮೇಲೆ ಅಂಕ ಹಾಕಿದವರು ತಾವೇ. ಪ್ರಶ್ನೆಯ ಆಕಾರವನ್ನು ಚಿತ್ರದ ಹಾಗೆ ಗುರುತಿಟ್ಟುಕೊಂಡು, ಉತ್ತರವನ್ನೂ ಹಾಗೇ ಇಳಿಸುತ್ತಿದ್ದಳು ಅನ್ನುವುದು ಈಗ ತಿಳಿಯಿತು. ತಾವು ಬೋರ್ಡಿನ ಮೇಲೆ ಬರೆದ ಉತ್ತರ ಹಾಗೇ ವಾಪಸ್ಸು ಬಂದಾಗ ತಾವೂ ಸಂತೋಷಪಟ್ಟು ಟಿಕ್ ಹಾಕಿದ್ದರು. ತನ್ನ ಬಿತ್ತನೆಯನ್ನೇ ಅಳೆದು ಬೆಳೆ ಬಂತು ಎಂದುಕೊಂಡ ಒಕ್ಕಲಿಗನ ಹಾಗೆ.

ಮರುದಿನ ಹೆಡ್‌ಮಾಸ್ಟರ್ ರೇವಣಸಿದ್ದಯ್ಯನವರ ಹತ್ತಿರ ಹೋಗಿ ವಿಷಯ ಹೇಳಿದರು, ಕಾಗದ ವಾಪಸ್ಸು ತೆಗೆದುಕೊಳ್ಳಬೇಕಾಗಬಹುದು ಎಂದರು. ರೇವಣಸಿದ್ದಯ್ಯ ಬಿಸಿಯೂಟದ ಮೊಟ್ಟೆ ಲೆಕ್ಕ ಬರೆಯುತ್ತಿದ್ದರು. ಪೆನ್ನು ಕೆಳಗಿಡದೆಯೇ ಪೂರ್ತಿ ಕೇಳಿದರು. ಕಳೆದ ಮೂರು ವರ್ಷದಿಂದ ಈ ಶಾಲೆಯ ಒಂದು ಮಗುವೂ ಅಲ್ಲಿ ಆಯ್ಕೆಯಾಗಿಲ್ಲ ಎಂದು ನೆನಪಿಸಿದರು. ಅಲ್ಲಿಯ ಪರೀಕ್ಷೆ ತಮಗೆ ಗೊತ್ತಿರುವಂಥದೇ: ಲೆಕ್ಕ, ವಿಜ್ಞಾನ ಕನ್ನಡದಲ್ಲಿ ಬರೆಯುವುದು, ಇಂಗ್ಲಿಷಿಗೆ ಮಾತ್ರ ಬಾಯಿ ಪರೀಕ್ಷೆ, ಅದೂ ಏಳನೇ ಕ್ಲಾಸಿನ ಪುಸ್ತಕದಿಂದಲೇ ಒಂದು ಪುಟ ಓದಿಸುತ್ತಾರೆ ಎಂದು ಸಮಾಧಾನ ಹೇಳಿದರು. ಇವಳಿಗೆ ಪುಸ್ತಕವೆಲ್ಲ ಬಾಯಲ್ಲಿದೆ, ಇನ್ನೇನು ಬೇಕು?

"ಮುಂದೆ ಅಲ್ಲಿ ಕೂತು ಏನ್ ಮಾಡ್ತಾಳೆ ಸರ್?" ಎಂದರು ಮಹಾನಂದ.

"ನೀವು ಹೊಳೆ ದಾಟಿಸ್ಬಿಡಿ ಮೇಡಂ. ಆ ದಡದಲ್ಲಿ ನಡೆಯೋದು ಅವಳ ಕೆಲಸ. ನಮ್ಮಿಬ್ರಿಗೂ ಇನ್ನು ಎರಡೇ ವರ್ಷ. ಎಷ್ಟು ಅಂತ ಹೊತ್ಕೊಂಡು ತಿರುಗ್ತೀರ?"

ಅವರು ಕೆಟ್ಟವರಲ್ಲ. ದಣಿದಿದ್ದರು, ಅಷ್ಟೆ. ಆ ಮಾತು ಕೇಳಿ ಮಹಾನಂದರ ಮನಸ್ಸು ಹಗುರವಾದದ್ದೂ ಸುಳ್ಳಲ್ಲ. ಆದರೂ ಸಂಜೆ ಹುಡುಗಿಯನ್ನು ಒಂದು ಗಂಟೆ ಉಳಿಸಿಕೊಂಡರು. ಪರೀಕ್ಷೆಗೆ ಇನ್ನೂ ಹದಿನೈದು ದಿನವಿತ್ತು.

ಮೊದಲ ದಿನವೇ ಒಂದು ಸಂಗತಿ ಸ್ಪಷ್ಟವಾಯಿತು. ತಾವು ಬಾಯಿ ತೆರೆದರೆ ಕೆಲಸ ಕೆಟ್ಟಿತು. ಒಂದು ವಾಕ್ಯವನ್ನು ಬರೆದು, ಅಭ್ಯಾಸಬಲದಿಂದ ತಾವೇ ಒಮ್ಮೆ ಓದಿಬಿಟ್ಟರೆ ಅದು ಆ ಕ್ಷಣವೇ ಹುಡುಗಿಯ ಕಿವಿಯೊಳಕ್ಕೆ ಇಳಿದು, ಮತ್ತೆ ಅಕ್ಷರದ ಕಡೆ ಕಣ್ಣು ಹೋಗುತ್ತಲೇ ಇರಲಿಲ್ಲ. ಇಪ್ಪತ್ತೇಳು ವರ್ಷದಿಂದ ಮೊದಲು ತಾವು ಹೇಳಿ ಆಮೇಲೆ ಹೇಳಿಸಿದವರು. ಈಗ ಬರೆದು, ಸುಮ್ಮನೆ ಕೂರಬೇಕು. ಮಾತಾಡಿ ಸುಸ್ತಾಗುವುದು ಅವರಿಗೆ ಗೊತ್ತಿತ್ತು. ಸುಮ್ಮನಿದ್ದು ಇಷ್ಟು ಸುಸ್ತಾಗುತ್ತದೆ ಎಂದು ಗೊತ್ತಿರಲಿಲ್ಲ. ಹುಡುಗಿ "ಕ್" ಎಂದು ನಿಂತಿರುವಾಗ ಮುಂದಿನ ಶಬ್ದ ಇವರ ನಾಲಿಗೆಯ ತುದಿಯಲ್ಲಿ ಬಂದು ಕೂತಿರುತ್ತಿತ್ತು. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಕೂರುತ್ತಿದ್ದರು.

ದಿನಕ್ಕೊಂದು ಹೊಸ ಹಾಳೆ. ಪಾಠದ್ದಾದರೆ ಬಾಯಿಗೆ ಬಂದೇ ಇರುತ್ತಿತ್ತು, ಅದಕ್ಕೆ ಅವರು ಮನೆಯಲ್ಲಿ ಕೂತು ತಾವೇ ಇಂಗ್ಲಿಷಿನಲ್ಲಿ ಸಣ್ಣ ಸಣ್ಣ ವಾಕ್ಯ ಕಟ್ಟುತ್ತಿದ್ದರು. ಹಸು ಕೆರೆಗೆ ಹೋಯಿತು. ಕೆರೆಯಲ್ಲಿ ನೀರಿರಲಿಲ್ಲ. ಹಸು ಅಲ್ಲೇ ನಿಂತಿತು. ಬಿಎಡ್ ಮಾಡಿ, ಏಳನೇ ಕ್ಲಾಸಿಗೆ ಇಂಗ್ಲಿಷ್ ಕಲಿಸುವ ಟೀಚರಾಗಿ, ರಾತ್ರಿ ಊಟ ಬಿಟ್ಟು ಇಂಥದ್ದು ಬರೆಯುತ್ತಿದ್ದೇನಲ್ಲ ಎಂದು ಅವರಿಗೆ ಒಮ್ಮೊಮ್ಮೆ ಸಿಟ್ಟು ಬರುತ್ತಿತ್ತು. ಸಿಟ್ಟು ಯಾರ ಮೇಲೆ ಅಂತ ಮಾತ್ರ ಗೊತ್ತಾಗುತ್ತಿರಲಿಲ್ಲ.

ಅವರು ಹಾಕಿದ ಕಟ್ಟಳೆ ಒಂದೇ. ಬೆರಳು ಎಲ್ಲಿದೆಯೋ ಕಣ್ಣು ಅಲ್ಲಿರಬೇಕು, ಕಣ್ಣು ಎಲ್ಲಿದೆಯೋ ಬಾಯಿ ಅಲ್ಲಿರಬೇಕು. ಬಾಯಿ ಮುಂದೆ ಓಡಿದರೆ ಮತ್ತೆ ಮೊದಲಿನಿಂದ. ಹುಡುಗಿಗೆ ಇದು ನರಕವಾಯಿತು. ಕ್ಲಾಸಿಗೆಲ್ಲ ಮುಂದೆ ಓದುವವಳು ಸಂಜೆ ಒಂದನೇ ಕ್ಲಾಸಿನ ಮಗುವಿನ ಹಾಗೆ ಒಂದೊಂದೇ ಅಕ್ಷರ ಕೂಡಿಸಬೇಕು. ಒಂದು ದಿನ ಬಿಟ್ಟುಹೋದ ಊಟದ ಡಬ್ಬಿಗೆ ವಾಪಸ್ಸು ಬಂದ ಗೌರೀಶ ಎಂಬ ಸಹಪಾಠಿ ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡ. "ಏನೇ, ಲೀಡರ್ ಗಾಡಿ ಫಸ್ಟ್ ಗೇರ್‌ನಲ್ಲೇ ಇದೆ?" ಎಂದು ನಕ್ಕು ಓಡಿದ. ಅಂದು ಅವಳು ಪುಸ್ತಕ ಮುಚ್ಚಿ, ಇನ್ನು ಬರುವುದಿಲ್ಲ ಎಂದು ಅತ್ತಳು. ಮಹಾನಂದರಿಗೆ ಸಮಾಧಾನ ಮಾಡುವಷ್ಟೂ ತ್ರಾಣವಿರಲಿಲ್ಲ. ಸರಿ, ನಾಳೆ ಬರಬೇಡ ಎಂದುಬಿಟ್ಟರು. ಅವಳು ಮರುದಿನವೂ ಬಂದಳು.

ಆರನೇ ದಿನವೋ ಏಳನೇ ದಿನವೋ ಮಾಯಣ್ಣ ಮಗಳನ್ನು ಕರೆದೊಯ್ಯಲು ಬಂದ. ಅಂಗಡಿಯ ಕೆಲಸದ ಮೇಲೆ ಈ ಕಡೆ ಬಂದಿದ್ದನಂತೆ. ಚಪ್ಪಲಿ ಹೊರಗೆ ಬಿಟ್ಟು, ಬಾಗಿಲ ಬಳಿ ಕೈ ಕಟ್ಟಿ ನಿಂತ. ಮಗಳು ತಡವರಿಸುತ್ತ ಓದುವುದನ್ನು ಸ್ವಲ್ಪ ಹೊತ್ತು ಕೇಳಿದ. ಅವಳು ಚೀಲ ತರಲು ಹೋದಾಗ, ಮೈ ಹುಷಾರಿಲ್ಲವೇನೋ, ದಿನಾ ಮನೆಯಲ್ಲಿ ಗಡಗಡ ಅಂತ ಓದುತ್ತಾಳೆ ಎಂದ. ಮಹಾನಂದ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆಂದುಕೊಂಡರು. ಹೇಳುವ ಮೊದಲೇ ಅವನು ನಾಚಿಕೆಯಿಂದ ನಕ್ಕ.

"ನಾನೂ ಹಂಗೇ ಮೇಡಂ. ಅಂಗಡೀಲಿ ಯಾವ ಐಟಂ ಕೇಳಿದ್ರೂ ಕಣ್ಮುಚ್ಕೊಂಡು ತಂದುಕೊಡ್ತೀನಿ. ಬಾಕ್ಸ್ ನೋಡೇ ಗೊತ್ತು, ಮೇಲೇನು ಬರೆದವ್ರೆ ಗೊತ್ತಿಲ್ಲ. ಹೋದ್ವರ್ಷ ಕಂಪ್ನಿಯವ್ರು ಬಾಕ್ಸ್ ಕಲರೆಲ್ಲ ಚೇಂಜ್ ಮಾಡ್ಬುಟ್ರು. ಒಂದ್ ತಿಂಗಳು ನಾನು ಬೆಪ್ಪನಂಗೆ ನಿಂತಿದ್ದೆ, ಓನರ್ ಹತ್ರ ಉಗಿಸ್ಕೊಂಡು." ಆಮೇಲೆ ದನಿ ತಗ್ಗಿಸಿ, "ಅವಳು ಹಂಗಾಗಬಾರ್ದು ಅಂತಾನೆ ನಿಮ್ಹತ್ರ ಬಿಟ್ಟಿರೋದು" ಎಂದ.

ಮಹಾನಂದ ಹೇಳಬೇಕೆಂದಿದ್ದದ್ದನ್ನು ಬಿಟ್ಟು ತಲೆಯಾಡಿಸಿದರು. ಅಪ್ಪ ಮಗಳು ಊದುಬತ್ತಿಯ ಓಣಿಯಲ್ಲಿ ತಿರುಗಿ ಮರೆಯಾದರು.

ಹದಿನೈದು ದಿನದಲ್ಲಿ ಹುಡುಗಿ ಬಹಳವೇ ಕಲಿತಳು. ಕಲಿತದ್ದು ಸಾಲದು ಎನ್ನುವುದೂ ಅಷ್ಟೇ ನಿಜ. ಹೊಸ ಹಾಳೆಯ ಐದು ಸಾಲನ್ನು ಬೆರಳಿಟ್ಟು, ಎರಡು ಕಡೆ ಎಡವಿ, ಕೊನೆ ಮುಟ್ಟುತ್ತಿದ್ದಳು. ಐದು ಸಾಲಿಗೆ ನಾಲ್ಕು ನಿಮಿಷ. ಮುಟ್ಟಿದಮೇಲೆ ಹಸುವಿಗೆ ಏನಾಯಿತು ಎಂದು ತನ್ನಷ್ಟಕ್ಕೆ ತಾನೇ ಕನ್ನಡದಲ್ಲಿ ಹೇಳುತ್ತಿದ್ದಳು, ಟೀಚರು ಕೇಳಬೇಕಾಗಿರಲಿಲ್ಲ. ಒಣಗಿದ ನೆಲಕ್ಕೆ ಮೊದಲ ಹದ ಬಂದ ಹಾಗಿತ್ತು. ಬಿತ್ತಿ ಬೆಳೆ ಕೊಯ್ಯಲು ಇನ್ನೂ ಹಂಗಾಮು ಬೇಕು, ಪರೀಕ್ಷೆ ಮಾತ್ರ ನಾಳೆ.

ಶುಕ್ರವಾರ ಸಂಜೆ ಮಹಾನಂದ ಹಾಳೆ ಬರೆದು ತಂದಿರಲಿಲ್ಲ. ಉಬ್ಬಸದ ಇನ್‌ಹೇಲರ್ ಎರಡು ಸಲ ಎಳೆದುಕೊಂಡು, ಎದುರಿಗೆ ಕೂತ ಹುಡುಗಿಯ ಮುಖ ನೋಡಿದರು. ಈ ಸೀಟು ತಪ್ಪಿದರೆ ಊರು. ಊರಿಗೆ ಹೋದಮೇಲೆ ಅಲ್ಲಿ ಇವಳಿಗೆ ಹೀಗೆ ಬಾಯಿ ಮುಚ್ಚಿಕೊಂಡು ಕೂರುವವರು ಯಾರು? ಒಳಗೆ ಹೋದರೆ ಮೂರು ವರ್ಷ ಸಿಗುತ್ತದೆ, ಮೂರು ವರ್ಷದಲ್ಲಿ ಹೇಗೋ ಕಲಿತಾಳು. ಹೆಡ್‌ಮಾಸ್ಟರು ಹೇಳಿದ ಹೊಳೆಯೇ ಕಣ್ಣಮುಂದೆ ಬಂತು.

"ನೋಡು ಯಶು, ನಾಳೆ ಅವ್ರು ನಮ್ಮ ಪುಸ್ತಕಾನೇ ಕೊಟ್ರೆ, ನೀನು ಮೊದ್ಲಿನ ಥರಾನೇ ಹೇಳ್ಬಿಡು. ಬೆರಳು ಗಿರಳು ಇಡೋಕೆ ಹೋಗ್ಬೇಡ."

ಹುಡುಗಿ ಸ್ವಲ್ಪ ಹೊತ್ತು ಬೆಂಚಿನ ಗೀರಿನ ಮೇಲೆ ಉಗುರಾಡಿಸಿದಳು.

"ಹಂಗೆ ಹೇಳಿದ್ರೆ ಓದಿದ್ ಹಂಗಾಗುತ್ತಾ ಮಿಸ್?"

"ನಾಳೆ ಒಂದಿನ ಆಗುತ್ತೆ" ಎಂದರು ಮಹಾನಂದ. ಹೇಳಿಯಾದಮೇಲೆ ಅವಳ ಕಡೆ ನೋಡಲಿಲ್ಲ. ಕಿಟಕಿ ಹಾಕಲು ಎದ್ದರು.

ಶನಿವಾರ ಮಾಯಣ್ಣನಿಗೆ ರಜೆ ಸಿಗಲಿಲ್ಲ, ಟೀಚರೇ ಆಟೋದಲ್ಲಿ ಕರೆದುಕೊಂಡು ಹೋದರು. ಬಸವನಗುಡಿಯ ಆ ಶಾಲೆಯ ಅಂಗಳದಲ್ಲಿ ದೊಡ್ಡ ಹೊಂಗೆ ಮರಗಳಿದ್ದವು. ಐವತ್ತರ ಮೇಲೆ ಮಕ್ಕಳು ಬಂದಿದ್ದರು. ಬೆಳಗಿನ ಬರವಣಿಗೆ ಮುಗಿಸಿ ಬಂದ ಯಶಶ್ರೀ, ಲೆಕ್ಕ ಎಲ್ಲಾ ಆಯಿತು, ವಿಜ್ಞಾನದಲ್ಲಿ ಒಂದು ಬಿಟ್ಟೆ ಎಂದಳು. ಹನ್ನೆರಡರ ಹೊತ್ತಿಗೆ ಅವಳ ಹೆಸರು ಕೂಗಿದರು. ಜೊತೆಗೆ ಬಂದವರು ಒಳಗೆ ಹಿಂದಿನ ಕುರ್ಚಿಯಲ್ಲಿ ಕೂರಬಹುದು, ಮಾತಾಡಬಾರದು ಎಂದರು.

ಮೇಜಿನ ಆಚೆ ಶಿವರಂಜಿನಿ ಎಂಬ ಮೇಡಂ ಇದ್ದರು, ಮೂವತ್ತರ ಆಸುಪಾಸು, ಮೆದು ಮಾತು. ಅವರ ಎದುರು ಮಹಾನಂದ ಬರೆದ ಕಾಗದವಿತ್ತು. ಹೆಡ್‌ಮಾಸ್ಟರು ಹೇಳಿದ್ದು ಸುಳ್ಳಾಗಲಿಲ್ಲ. ಏಳನೇ ಕ್ಲಾಸಿನ ಪುಸ್ತಕವನ್ನೇ ಕೊಟ್ಟರು. ಅಂಬಿಗನ ಪಾಠವನ್ನೇ ತೆಗೆದರು.

ಯಶಶ್ರೀ ಪುಸ್ತಕ ಎತ್ತಿ ಹಿಡಿದು, ಆ ಕೋಣೆ ತುಂಬುವ ದನಿಯಲ್ಲಿ ಶುರು ಮಾಡಿದಳು. ಮೊದಲ ಸಾಲು, ಎರಡನೇ ಸಾಲು. ಉಸಿರು ಎಳೆಯುವ ಜಾಗದಲ್ಲೆಲ್ಲ ಎಳೆದಳು. ಶಿವರಂಜಿನಿ ಮೇಡಂ ತಲೆಯೆತ್ತಿ ನೋಡಿ, ಮುಗುಳ್ನಕ್ಕು, ಪೆನ್ನು ಕೈಗೆ ತೆಗೆದುಕೊಂಡರು. ಮಹಾನಂದರ ಬೆನ್ನು ಕುರ್ಚಿಗೆ ಒರಗಿತು.

ಮೂರನೇ ಸಾಲಿನ ನಡುವೆ ಹುಡುಗಿ ನಿಂತಳು. ಮರೆತದ್ದಲ್ಲ, ಅವಳಿಗೆ ಮರೆವು ಅನ್ನುವುದೇ ಇರಲಿಲ್ಲ. ಪುಸ್ತಕವನ್ನು ಮೇಜಿನ ಮೇಲೆ ಇಳಿಸಿದಳು. ಮೊದಲ ಸಾಲಿನ ಮೊದಲ ಪದದ ಕೆಳಗೆ ಬೆರಳಿಟ್ಟಳು. ದನಿ ಈಗ ಅವಳ ಮೈಯಷ್ಟೇ ತೆಳ್ಳಗಿತ್ತು. ದಿ. ಓಲ್ಡ್. ಬೋ, ಬೋಟ್. ಬೋಟ್‌ಮನ್. ಕ್ಲಾಸಿನಲ್ಲಿ ನೂರು ಸಲ ಹೇಳಿಸಿದ ಸಾಲನ್ನು ಯಾರೂ ಹೇಳಿಕೊಡದ ಸಾಲಿನ ಹಾಗೆ ಒಂದೊಂದಾಗಿ ಎತ್ತಿದಳು. "ಲಿವ್ಡ್" ಆದಮೇಲೆ ನಿಲ್ಲಲಿಲ್ಲ.

ಅವಳು ನಿಜವಾಗಿ ಓದುತ್ತಿದ್ದಾಳೆಂದು ಮಹಾನಂದರಿಗೆ ತಿಳಿಯಿತು. ಕುರ್ಚಿಯ ತುದಿಗೆ ಬಂದರು. ಒಂದು ಮಾತು ಸಾಕಾಗಿತ್ತು. ಹುಡುಗಿ ಹೆದರಿದ್ದಾಳೆ ಮೇಡಂ, ಪಾಠ ಪೂರ್ತಿ ಬರುತ್ತೆ, ಪುಸ್ತಕ ಮುಚ್ಚಿಸಿ ಕೇಳಿ ಅಂದಿದ್ದರೆ ಆಗುತ್ತಿತ್ತು. ಮಾತಾಡಬಾರದು ಎಂದಿದ್ದರು ನಿಜ, ಆದರೆ ಯಾರೂ ಕತ್ತು ಹಿಡಿದು ಹೊರಗೆ ಹಾಕುತ್ತಿರಲಿಲ್ಲ. ಆ ಸಣ್ಣ ಬೆರಳು ಒಂದು ಪದದಿಂದ ಇನ್ನೊಂದು ಪದಕ್ಕೆ ಸರಿಯುವುದನ್ನು ನೋಡುತ್ತ, ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತರು.

ಆರನೇ ಸಾಲು ಮುಟ್ಟುವಷ್ಟರಲ್ಲಿ ಐದು ನಿಮಿಷವಾಯಿತು. ಶಿವರಂಜಿನಿ ಮೇಡಂ ಸಾಕಮ್ಮ ಎಂದು ಪುಸ್ತಕ ತೆಗೆದುಕೊಂಡರು. ಮಹಾನಂದರ ಕಾಗದದ ಕಡೆ ನೋಡಿ, ಆಮೇಲೆ ಅವರ ಕಡೆ ನೋಡಿ, ಸರಾಗವಾಗಿ ಓದುತ್ತಾಳೆ ಅಂತ ಬರೆದಿದ್ದೀರಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಚುಚ್ಚುವ ದನಿಯಲ್ಲ.

"ಜನವರೀಲಿ ಬರೆದಿದ್ದು ತಪ್ಪು ಮೇಡಂ" ಎಂದರು ಮಹಾನಂದ ಕನ್ನಡದಲ್ಲೇ. "ಆಗ ಅವಳಿಗೆ ಓದೋಕೆ ಬರ್ತಿರ್ಲಿಲ್ಲ. ಈಗ ಬರುತ್ತೆ."

ಶಿವರಂಜಿನಿ ಮೇಡಂ ಅರ್ಥವಾಗದೆ ನಕ್ಕರು. ಬಾಗಿಲಲ್ಲಿ ಮುಂದಿನ ಮಗು ಆಗಲೇ ನಿಂತಿತ್ತು.

ಪಟ್ಟಿ ನಾಲ್ಕು ಗಂಟೆಗೆ ಹಾಕುತ್ತೇವೆ ಎಂದಿದ್ದರು. ಅಲ್ಲಿಯವರೆಗೆ ಇಬ್ಬರೂ ವಿಶ್ವೇಶ್ವರಪುರದ ಕಡೆ ನಡೆದು, ಸಣ್ಣ ಹೋಟೆಲೊಂದರಲ್ಲಿ ಖಾಲಿ ದೋಸೆ ತಿಂದರು. ಯಾಕೆ ಹಾಗೆ ಮಾಡಿದೆ ಎಂದು ಟೀಚರು ಕೇಳಲಿಲ್ಲ. ಹುಡುಗಿಯೇ ದೋಸೆ ಮುರಿಯುತ್ತ, ಶುರು ಮಾಡಿದಾಗ ಕಣ್ಣು ತಾನಾಗೇ ಅಕ್ಷರದ ಮೇಲೆ ಹೋಯಿತು, ಬಾಯಿ ಬೇರೆ ಕಡೆ ಕಣ್ಣು ಬೇರೆ ಕಡೆ ಇದ್ದರೆ ತಲೆ ಸುತ್ತಿದ ಹಾಗಾಗುತ್ತದೆ, ಅದಕ್ಕೇ ನಿಲ್ಲಿಸಿದೆ ಎಂದಳು. ಕ್ಷಮಿಸಿ ಅಂತಲೂ ಅನ್ನಲಿಲ್ಲ. ಇನ್ನೊಂದು ದೋಸೆ ಹೇಳಬಹುದಾ ಎಂದು ಕೇಳಿದಳು.

ನಾಲ್ಕೂಕಾಲಿಗೆ ನೋಟಿಸ್ ಬೋರ್ಡಿಗೆ ಹಾಳೆ ಅಂಟಿಸಿದರು. ಗುಂಪು ಮುತ್ತಿ, ಕೂಗಿ, ಕೆಲವರು ಅತ್ತು, ಬೇಗನೆ ಚದುರಿತು. ಹನ್ನೊಂದು ಹೆಸರು, ಇಂಗ್ಲಿಷಿನಲ್ಲಿ, ಅಕ್ಷರಮಾಲೆಯ ಸರದಿಯಲ್ಲಿ. ಯಶಶ್ರೀ ಇದ್ದರೆ ಕೊನೆಯಲ್ಲಿರಬೇಕು. ಮಹಾನಂದರ ಕಣ್ಣು ನೆಟ್ಟಗೆ ಹಾಳೆಯ ಬುಡಕ್ಕೆ ಹೋಯಿತು. ವೈಷ್ಣವಿ ಎಂಬ ಹೆಸರಿಗೆ ಪಟ್ಟಿ ಮುಗಿದಿತ್ತು.

ಹುಡುಗಿ ಮುಂದೆ ಹೋಗಿ, ಕಾಲ್ಬೆರಳ ಮೇಲೆ ನಿಂತು, ಮೊದಲ ಹೆಸರಿನ ಕೆಳಗೆ ಬೆರಳಿಟ್ಟಳು. "ಅ, ಅಮೃ, ಅಮೃತಾ" ಎಂದಳು. ಆಮೇಲೆ ಎರಡನೆಯದು. ಆಯೇಷಾ ಎಂಬಲ್ಲಿ ಸ್ವಲ್ಪ ಹೊತ್ತು ಹಿಡಿಯಿತು. ಇಲ್ಲ ಬಾಮ್ಮ, ಹೋಗೋಣ ಎಂದು ಮಹಾನಂದ ಹೇಳಬಹುದಿತ್ತು. ಹೇಳಿದ್ದರೆ ಅವಳಿಗೂ ಬೇಗ ಮುಗಿಯುತ್ತಿತ್ತು, ಅವರ ಮಂಡಿಗೂ ನೆಮ್ಮದಿಯಾಗುತ್ತಿತ್ತು. ಹೇಳಲಿಲ್ಲ. ಹೊಂಗೆ ಮರದ ಕಟ್ಟೆಯ ಮೇಲೆ ಕೂತು, ಬೆರಳು ಒಂದೊಂದೇ ಹೆಸರು ದಾಟಿ ಕೆಳಗಿಳಿಯುವುದನ್ನು ನೋಡಿದರು. ಕಾವಲುಗಾರ ಗೇಟು ಹಾಕುವ ಹೊತ್ತಾಯಿತು ಎಂಬಂತೆ ಬೀಗದ ಕೈ ಆಡಿಸುತ್ತ ಆ ಕಡೆ ಈ ಕಡೆ ತಿರುಗಿದ.

ವೈಷ್ಣವಿಯನ್ನೂ ಓದಿ ಮುಗಿಸಿ, ಅದರ ಕೆಳಗೆ ಬಿಳಿ ಹಾಳೆಯ ಮೇಲೆ ಅವಳ ಬೆರಳು ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ಬಂದು ಟೀಚರ ಪಕ್ಕ ಕೂತು, ಇಲ್ಲ ಮಿಸ್ ಎಂದಳು.

ಮಹಾನಂದ ಮಾಯಣ್ಣನಿಗೆ ಫೋನ್ ಮಾಡಿದರು. ಅಂಗಡಿಯ ಗದ್ದಲದಲ್ಲಿ ಅವನಿಗೆ ಮೊದಲು ಕೇಳಿಸಲಿಲ್ಲ. ಸೀಟು ಸಿಗಲಿಲ್ಲ ಎಂದರು. ಅದಕ್ಕೆ ಅವಳ ತಪ್ಪಿಲ್ಲ, ಮೂರು ವರ್ಷ ನಾನೇ ಅವಳಿಗೆ ಓದು ಕಲಿಸಿರಲಿಲ್ಲ, ಈ ಹದಿನೈದು ದಿನದಲ್ಲಿ ಕಲಿಸಲು ಹೊರಟೆ, ಜೂನಿನವರೆಗೂ ದಿನಾ ಸಂಜೆ ನಮ್ಮ ಮನೆಗೆ ಕಳಿಸಿದರೆ ಕಲಿಸುತ್ತೇನೆ, ಆಮೇಲೆ ಊರಿಗೆ ಕಳಿಸುವುದೋ ಬಿಡುವುದೋ ನೀವು ಯೋಚಿಸಿ ಎಂದು ಒಂದೇ ಉಸಿರಿನಲ್ಲಿ ಹೇಳಲು ಹೋಗಿ, ಮೂರು ಕಡೆ ನಿಲ್ಲಿಸಿ ಹೇಳಿದರು. ಆ ಕಡೆ ಯಾರೋ ಗಿರಾಕಿ ಏನೋ ಕೇಳುತ್ತಿದ್ದ.

"ಅವಳಿಗೆ ಕೊಡಿ ಮೇಡಂ" ಎಂದ ಮಾಯಣ್ಣ ಕೊನೆಗೆ.

ಹುಡುಗಿ ಫೋನು ಕಿವಿಗಿಟ್ಟುಕೊಂಡು, ಕಾಲು ತೂಗಾಡಿಸುತ್ತ ಅಪ್ಪನ ಮಾತು ಕೇಳಿದಳು. ಹ್ಞೂಂ ಎಂದಳು. ಊಟ ಆಯಿತು ಎಂದಳು. ಮತ್ತೆ ಏನೋ ಕೇಳಿದನೆಂದು ತೋರುತ್ತದೆ. ಸರಿಯಾಗಿ ನೋಡಿದೆಯಾ ಅಂತಲೇ ಇರಬೇಕು.

"ಇಲ್ಲಪ್ಪ, ಇಲ್ಲ" ಎಂದಳು. "ಹನ್ನೊಂದು ಹೆಸ್ರಿತ್ತು. ಎಲ್ಲಾನೂ ನಾನೇ ಓದ್ದೆ."